ಎದುರುಮನೆಯ ಆಲಿವ್ ಗಿಡ

ಗುಡಿಯ ಬೇವಿನ ಮರಕ್ಕೆ ಕೊಡಲಿ ಬಿದ್ದ ದಿನವೇ ಮುನಿರಾಮಯ್ಯ ಉಪೇಂದ್ರರಾಯರ ಸಾವನ್ನು ತನ್ನ ಮನಸ್ಸಿನಲ್ಲಿ ನೆಟ್ಟುಕೊಂಡ.

ಆರ್.ಟಿ. ನಗರದ ಆ ಬೀದಿ ಒಂದು ಕಾಲಕ್ಕೆ ಅವನ ತಾತನ ರಾಗಿ ಹೊಲ. ಹೊಲ ಬಡಾವಣೆಯಾದರೂ ಮೂಲೆಯ ಅಮ್ಮನ ಗುಡಿ ಉಳಿದಿತ್ತು, ಗುಡಿಗೆ ನೆರಳಾಗಿ ಬೇವೂ ಉಳಿದಿತ್ತು. ಎದುರುಮನೆಗೆ ಬಂದ ರಿಟೈರ್ಡ್ ಇಂಜಿನಿಯರ್ ರಾಯರು, ತಮ್ಮ ಫಿಯೆಟ್ ಕಾರಿನ ಮೇಲೆ ಎಲೆ ಉದುರುತ್ತದೆಂದು ಅರ್ಜಿ ಬರೆದು ಅದನ್ನು ಕಡಿಸಿಹಾಕಿದರು. ಶುಕ್ರವಾರದ ತೀರ್ಥಕ್ಕೆ ಆ ಮರದ ಎಲೆಯನ್ನೇ ಅರೆದು ಬೆರೆಸುವುದು ಪದ್ಧತಿ. ಬೇರೆ ಮರದ್ದು ಸಲ್ಲದೆಂದು, ಪೂಜೆ ಮಾಡುವ ಅವನ ತಾಯಿ ಅಂಜಿನಮ್ಮ ಬರೀ ನೀರು ಕೊಡತೊಡಗಿದಳು. ಕಹಿಯಿಲ್ಲದ ಆ ತೀರ್ಥ ವಾರವಾರವೂ ಮುನಿರಾಮಯ್ಯನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಳ್ಳುತ್ತಿತ್ತು.

ಅವನು ಹೆಬ್ಬಾಳದ ರಸ್ತೆ ಬದಿಯಲ್ಲಿ ಗಿಡ ಮಾರುವವನು. ಎಂಬತ್ತೆರಡರ ಬೇಸಿಗೆಯಲ್ಲಿ ರಾಯರೇ ಕಾರು ನಿಲ್ಲಿಸಿ ಇಳಿದರು.

"ಏನಯ್ಯಾ, ಆಲಿವ್ ಗಿಡ ಇದೆಯಾ? ಇಲ್ಲ, ಬರೀ ಕ್ರೋಟನ್ನೇನಾ ನಿನ್ ಬಂಡವಾಳ?"

"ಏನಕ್ಕೆ ಸ್ವಾಮಿ ಅದು?"

"ಬಿ.ಪಿ.ಗೆ ಕಣಯ್ಯ. ಎಲೆ ಕುದಿಸಿ ಕುಡಿಯೋದು. ಪೇಪರ್‌ನಲ್ಲಿ ಬಂದಿತ್ತು. ನಿಂಗೆಲ್ಲಿ ಗೊತ್ತಾಗ್ಬೇಕು!"

ಅಮ್ಮ ತಾನಾಗಿ ದಾರಿ ತೋರಿದಳೆಂದು ಮುನಿರಾಮಯ್ಯ ಮನಸ್ಸಿನಲ್ಲೇ ಕೈಮುಗಿದ. "ಊಟಿಯಿಂದ ತರಿಸ್ಕೊಡ್ತೀನಿ ಸ್ವಾಮಿ," ಎಂದ.

ಊಟಿಯಿಂದ ಏನೂ ಬರಲಿಲ್ಲ. ಹಿತ್ತಲ ಕಣಗಿಲೆಗಳಲ್ಲಿ ಕಿರಿದೆಲೆಯದೊಂದನ್ನು ಆರಿಸಿಕೊಂಡ. ದನ ಕೂಡ ಮೂಸಿ ದೂರ ಸರಿಯುವ ವಿಷದ ಗಿಡ. ರಾಯರು ಯಾವುದಾದರೂ ಪುಸ್ತಕದ ಆಲಿವ್ ಚಿತ್ರಕ್ಕೆ ಹೋಲಿಸಿ ನೋಡದೆ ಬಿಡುವವರಲ್ಲವೆಂದು ಅವನಿಗೆ ಗೊತ್ತು. ಆಲಿವ್ ಎಲೆ ಜೋಡಿ ಜೋಡಿ, ಕಣಗಿಲೆ ಗೆಣ್ಣಿಗೆ ಮೂರು. ಒಂದು ಇಡೀ ದಿನ ಕುಳಿತು ಪ್ರತಿ ಗೆಣ್ಣಿನ ಮೂರನೆಯ ಎಲೆಯನ್ನು ಉಗುರಿನಿಂದ ಚಿವುಟಿದ. ಮೊಗ್ಗು ತೆಗೆದ. ಎಲೆಯ ಬೆನ್ನಿಗೆ ಬೂದಿ ನೀರು ಸವರಿ ಬೆಳ್ಳಿಯ ಬಣ್ಣ ಬರಿಸಿದ.

ನೆಡುವಾಗ ರಾಯರ ಹೆಂಡತಿ ಸೀತಮ್ಮ ಅರಿಶಿನ ಕುಂಕುಮ ತಂದು ಬುಡಕ್ಕೆ ಇಟ್ಟರು. ಮುನಿರಾಮಯ್ಯನಿಗೆ ಮೈ ಉರಿಯಿತು.

"ಇದ್ಕೇನೋ ಕುಂಕುಮ ಇಟ್ರಿ. ಬೇವಿಗೆ ಕೊಡ್ಲಿ ಇಡ್ಸಿದ್ರಿ. ನಮ್ ತಾತನ ಕಾಲ್ದಾಗೆ ಈ ಮಣ್ಣಾಗೆ ಏನ್ ಬೆಳುದ್ರೂ ಮೊದ್ಲು ಅಮ್ಮಂಗೇ ತಾಯಿ. ನಿಮ್ಮಂತೋರ್ಗೆ ಅವೆಲ್ಲ ಯಾಕ್ ಬಿಡಿ."

"ಶುರುವಾಯ್ತು ಇವನ ಪುರಾಣ," ಎಂದು ರಾಯರು ನಕ್ಕರು. ಸೀತಮ್ಮ ತಲೆ ತಗ್ಗಿಸಿ ಒಳಗೆ ಹೋದರು. ಚುಚ್ಚಿದ ಮಾತು ನಾಟಿತೆಂದು ಅವನಿಗೆ ಸಮಾಧಾನವಾಯಿತು. ಮರುದಿನಕ್ಕೆ ಅದನ್ನು ಮರೆತೂಬಿಟ್ಟ.

"ಬೇರು ಹಿಡಿಯೋಕೆ ಒಂದ್ ತಿಂಗ್ಳು ಬಿಡಿ," ಎಂದು ಹೇಳಿ ಬಂದ. ವಾರಕ್ಕೊಮ್ಮೆ ಹೋಗಿ ಹೊಸ ಚಿಗುರಿನ ಮೂರನೆಯ ಎಲೆಯನ್ನೂ ಮೊಗ್ಗನ್ನೂ ತೆಗೆದು ಬರುತ್ತಿದ್ದ. ಅದನ್ನು ರಾಯರು ಶ್ರದ್ಧೆಯೆಂದೇ ತಿಳಿದರು. ನೆಡಿಸಿಕೊಂಡವರು ಅವರೇ, ಕೀಳುವವರು ಅವರೇ, ಕುದಿಸಿ ಕುಡಿಯುವವರೂ ಅವರೇ. ಮೊದಲೇ ರಕ್ತದೊತ್ತಡದ ಮನುಷ್ಯ. ಸತ್ತರೆ ಡಾಕ್ಟರು ಎದೆ ನಿಂತಿತೆನ್ನುತ್ತಾರೆ. ವೈಕುಂಠ ಸಮಾರಾಧನೆಗೆ ಮೊದಲೇ ಗಿಡ ಒಣಗಿತೆಂದು ಹೇಳಿ ಕಿತ್ತು, ಅಲ್ಲಿ ನಂದಿಬಟ್ಟಲು ನೆಟ್ಟು ಬಂದರೆ ಮುಗಿಯಿತು. ಎಲ್ಲಿಯಾದರೂ ಎಳೆ ಉಳಿದಿದೆಯೇ ಎಂದು ಮತ್ತೆ ಮತ್ತೆ ಯೋಚಿಸಿ ನೋಡಿದ. ಇರಲಿಲ್ಲ.

"ನಾಳಿದ್ದು ಶನಿವಾರದಿಂದ ಶುರು ಕಣಯ್ಯ, ಕಷಾಯ," ಎಂದರು ರಾಯರು ಗುರುವಾರ.

"ಒಳ್ಳೇದಾಗ್ಲಿ ಸ್ವಾಮಿ."

ಮರುದಿನ ಬೆಳಗ್ಗೆ ಮಿಂದು ಗುಡಿಗೆ ಬಂದಾಗ ಮಂಗಳಾರತಿ ಆಗಿತ್ತು. ಬೀದಿಯ ಹೆಂಗಸರು ಮಕ್ಕಳು ಸಾಲುಗಟ್ಟಿದ್ದರು. ಕೊನೆಯಲ್ಲಿ ಸೀತಮ್ಮನೂ ಇದ್ದರು. ಮನೆಯ ಹಿರಿಮಗನೆಂದು ಮೊದಲ ತೀರ್ಥ ಅವನಿಗೇ. ಕಣ್ಣು ಮುಚ್ಚಿ ಮೂರು ಸಲ ಕುಡಿದ. ಕಹಿ! ಎಷ್ಟು ತಿಂಗಳ ಮೇಲೆ! ಬೇವಿನ ಬುಡ ಚಿಗುರಿದೆ, ಅಮ್ಮ ತನ್ನ ಕೆಲಸ ಮೆಚ್ಚಿದ್ದಾಳೆ ಎಂದು ಅವನ ಎದೆ ತುಂಬಿತು, ಉಳಿದ ಹನಿಯನ್ನು ಕಣ್ಣಿಗೆ ಒತ್ತಿಕೊಂಡು, "ಬೇವು ಚಿಗುರ್ತೇನವ್ವಾ?" ಎಂದ. ಅಂಜಿನಮ್ಮ ಮುಂದಿನ ಉದ್ಧರಣೆಯನ್ನು ತನ್ನ ಅಂಗೈಗೆ ಬಗ್ಗಿಸಿಕೊಳ್ಳುತ್ತಾ ಬೊಚ್ಚುಬಾಯಲ್ಲಿ ನಕ್ಕಳು. "ಬೇವೆಲ್ಲಿ ಬತ್ತದ್ಲಾ, ಬುಡ ಒಣ್ಗೋಗೈತೆ. ಅಗೋ, ಆ ಎದುರುಮನೆ ಸೀತಮ್ಮನೋರು ತಂದ್ಕೊಟ್ರು, ಅವರ ಹೊಸ ಗಿಡದ ಮೊದಲ್ನೇ ಕಷಾಯ. ಈ ಮಣ್ಣಾಗೆ ಬೆಳ್ದಿದ್ದು ಮೊದ್ಲು ಅಮ್ಮಂಗೆ ಅಂತ ನೀನೇ ಯೋಳಿದ್ಯಂತೆ." ಬಾಯಿಯವರೆಗೆ ಹೋದ ತಾಯಿಯ ಕೈಯನ್ನು ಮುನಿರಾಮಯ್ಯ ಹಿಡಿದುಕೊಂಡ. ಹಿಂದಿನ ಸಾಲಿನಲ್ಲಿ ಅಂಗೈಗಳು ಆಗಲೇ ಮುಂದೆ ಚಾಚಿದ್ದವು, ಮತ್ತು ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಯಾಕೆಂದು ಅವನು ಹೇಳಲೆಂದು.