ಗೋಡೆಯ ಕೈ

ನೀಲಾ ಕೈ ಚಾಚಲೇ ಇಲ್ಲ.

ಶಾಲೆಯ ನಾಟಕದ ತಾಲೀಮಿನಲ್ಲಿ ಬಿಳಿ ರಕ್ತಕಣವಾಗಿದ್ದ ಪ್ರಿಯಾ ಜೋರಾಗಿ ಓಡಿ ಬಂದಳು. ಹಿಡಿಯಲು ಕೈ ಸಿಗಲಿಲ್ಲ. ಸೀದಾ ಸ್ಟೇಜಿನ ಆಚೆ ಹೋಗಿ ಮುಗ್ಗರಿಸಿದಳು. ಅವಳ ಹಿಂದೆಯೇ ಓಡಿ ಬಂದ ಇನ್ನೊಂದು ಬಿಳಿ ಕಣ, ಅಂಕಿತಾ, ಅವಳ ಮೇಲೇ ಬಿದ್ದಳು.

ಮೊಣಕಾಲಿಗೆ ಬಣ್ಣ ಬಳಿದುಕೊಂಡು ಗಾಯಾಳುವಾಗಿ ಕೂತಿದ್ದ ಶಿಶಿರ, "ಟೀಚರ್, ಯಾರೂ ಬರ್ಲಿಲ್ಲ! ನನ್ನ ಗಾಯ ಕೀವಾಗಿ ಹೋತು!" ಎಂದು ಕೂಗಿದ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

"ಎಂತ ಆತು ನೀಲಾ? ಗಾಯದ ಹತ್ರ ಗೋಡೆ ಕೈ ಚಾಚಿದ್ರೇನೇ ಬಿಳಿ ಕಣ ನಿಲ್ಲೂದು. ಇಲ್ದಿದ್ರೆ ರಕ್ತದ ಸಂಗಡ ಹರ್ಕೊಂಡು ಹೋಗ್ತದೆ" ಎಂದರು ರೇಖಾ ಟೀಚರ್.

"ಮರ್ತೋಯ್ತು ಟೀಚರ್."

ಮರೆತಿರಲಿಲ್ಲ. ಹೊಟ್ಟೆಕಿಚ್ಚು! ಪ್ರಿಯಾಗೆ ಬಿಳಿ ಫ್ರಾಕು, ಹತ್ತಿಯ ಟೊಪ್ಪಿ, ಸ್ಟೇಜ್ ತುಂಬ ಓಟ. ನೀಲಾ ಮಾತ್ರ ರಕ್ತನಾಳದ ಒಳಗೋಡೆ. ಕೆಂಪು ಸೀರೆ ಹಿಡಿದು ಕಂಬದ ಹಾಗೆ ನಿಲ್ಲಬೇಕು. ನಾಳೆ ಎಲ್ಲರ ಅಪ್ಪ ಅಮ್ಮಂದಿರೂ ಬರುತ್ತಾರೆ. ಗೋಡೆಯನ್ನು ಯಾರು ನೋಡುತ್ತಾರೆ?

ಸಂಜೆ, ಹೊಳೆಯ ನಡುವಿನ ಮಾವಿನಕುರ್ವೆಯ ದಡದಲ್ಲಿ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ನೀರು ಇಳಿಯುವ ಹೊತ್ತು, ಸೆಳೆತ ಜೋರಾಗಿತ್ತು. ಅಪ್ಪನ ದೋಣಿ ದಡದ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತಿತ್ತು.

"ನೀಲಾ, ಹಗ್ಗ ಹಿಡಿಯೇ!" ಅಪ್ಪ ಹಗ್ಗ ಎಸೆದ.

ಅವಳು ಹಾರಿ ಹಿಡಿದಳು. ದೋಣಿ ಒಮ್ಮೆಲೇ ನಿಲ್ಲಲಿಲ್ಲ. ಅವಳನ್ನೂ ಎಳೆಯಿತು. ಹಗ್ಗ ಅಂಗೈಯಲ್ಲಿ ಜಾರಿತು, ಮತ್ತೆ ಸಿಕ್ಕಿತು. ದೋಣಿ ನಿಧಾನವಾಯಿತು. ಗೂಟಕ್ಕೆ ಒಂದು ಸುತ್ತು ಸುತ್ತಿದ ಮೇಲೆಯೇ ನಿಂತದ್ದು. ಅಪ್ಪ ಮೀನಿನ ಬುಟ್ಟಿ ಹಿಡಿದು ದಡಕ್ಕೆ ಹಾರಿದ.

"ನೀನು ಇಲ್ದಿದ್ರೆ ನಾನು ಸೀದಾ ಸಮುದ್ರಕ್ಕೇ ಹೋಗ್ತಿದ್ದೆ!" ಎಂದು ನಕ್ಕ.

ನೀಲಾ ಕೆಂಪಾದ ಅಂಗೈಯನ್ನೇ ನೋಡುತ್ತ ನಿಂತಳು.

ಮರುದಿನ ನಾಟಕದಲ್ಲಿ ಪ್ರಿಯಾ ಓಡಿ ಬಂದಳು. ಫ್ರಾಕು ಇನ್ನೂ ಚಂದವಾಗಿಯೇ ಇತ್ತು, ನೀಲಾಳ ಹೊಟ್ಟೆ ಇನ್ನೂ ಸ್ವಲ್ಪ ಉರಿಯುತ್ತಲೇ ಇತ್ತು. ಆದರೂ ಕೈ ಚಾಚಿದಳು. ಪ್ರಿಯಾಳ ಬೆರಳು ತಾಗಿತು, ಜಾರಿತು, ಮತ್ತೆ ತಾಗಿತು. ನೀಲಾ ಗಟ್ಟಿಯಾಗಿ ಹಿಡಿದಳು. ಪ್ರಿಯಾ ನಿಂತಳು, ಸೀರೆಯ ಅಡಿಯಿಂದ ನುಸುಳಿ ಶಿಶಿರನ ಗಾಯದತ್ತ ಹೋದಳು.

"ಅಬ್ಬಾ, ಬಂದ್ಲು!" ಎಂದ ಶಿಶಿರ.

ಚಪ್ಪಾಳೆಯೋ ಚಪ್ಪಾಳೆ. ಎಲ್ಲ ಪ್ರಿಯಾಗೇ.

ನೀಲಾ ಕೈ ಇಳಿಸಲಿಲ್ಲ. ಆ ಕಡೆಯಿಂದ ಅಂಕಿತಾ ಓಡಿ ಬರುತ್ತಿದ್ದಳು.