ಚರಗದ ಮರುದಿನ ಸತ್ತ ಹೆಬ್ಬಾತುಗಳು

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಬೋನಾಳ ಕೆರೆಯ ದಂಡೆಯುದ್ದಕ್ಕೂ ಹೆಬ್ಬಾತುಗಳು ಸತ್ತು ಬಿದ್ದಿದ್ದವು. ಚಳಿಗಾಲದ ಹಕ್ಕಿ ಎಣಿಸಿ, ದಂಡೆಯ ಕೊರೆತ ಅಳೆಯುವ ಸ್ವಯಂಸೇವಕ ತಿಮ್ಮಣ್ಣನಿಗೆ ಅಳು ಬಂತು. ಊರಿಗೆ ಬಂದದ್ದು ಸಿಟ್ಟು. ಹಿಂದಿನ ದಿನ ದಂಡೆಯ ಪಕ್ಕದ ತನ್ನ ಹೊಲದಲ್ಲಿ ಭೂತಾಯಿಗೆ ಕಡುಬು, ಅನ್ನದ ಚರಗ ಚೆಲ್ಲಿದವನು ಕುರಿಗಾರ ದ್ಯಾವಪ್ಪ ಒಬ್ಬನೇ. ಕಡುಬಿನಲ್ಲಿ ವಿಷ ಬೆರೆಸಿದ್ದಾನೆ ಎಂದು ಸ್ವಯಂಸೇವಕರ ತಂಡದ ಮುಖಂಡ ದೇವಿಂದ್ರಪ್ಪ ಕೂಗಿದ್ದೇ ತಡ, ಜನ ದ್ಯಾವಪ್ಪನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ, ಕುರಿಗಳನ್ನು ಒಳಗೇ ಬಿಟ್ಟು ಹಟ್ಟಿಗೆ ಬೀಗ ಜಡಿದರು. ಕುರಿಗಳಿಗೆ ನೀರು ಕೊಟ್ಟವರಿಗೂ ಇದೇ ಗತಿ ಎಂದರು.

ತಿಮ್ಮಣ್ಣ ಸುರಪುರಕ್ಕೆ ಓಡಿ ಅಖ್ತರಬೇಗಂ ಅವರನ್ನು ಕರೆತಂದ. ಆ ನಿವೃತ್ತ ಟೀಚರು ಬಿಡಿಸಿದ ಪ್ರಕರಣಗಳಲ್ಲೆಲ್ಲ ಅವರ ಚೀಲ ಹೊತ್ತವನು ಅವನೇ. ಅವರು ಸತ್ತ ಹಕ್ಕಿಯೊಂದರ ಗಂಟಲಚೀಲ ಸೀಳಿದರು. ಒಳಗೆ ಸಿಪ್ಪೆ ಸಮೇತ ಭತ್ತವಿತ್ತು. ಆಮೇಲೆ ದೇವಿಂದ್ರಪ್ಪನ ಗದ್ದೆಯೆದುರು, ಕೆರೆಯ ಅಂಚು ಗುರುತಿಸಿ ಕೊರೆತ ಅಳೆಯಲು ನೆಟ್ಟಿದ್ದ ಗೂಟ ನೋಡಿದರು. ಮಣ್ಣಲ್ಲಿ ಹೂತಿರಬೇಕಾದ ಅದರ ಕಪ್ಪು ಭಾಗ ಗೇಣುದ್ದ ಹೊರಗಿತ್ತು.

"ದೇವಿಂದ್ರಪ್ಪ ಯಾದಗಿರಿಗಿ ಹೋಗ್ಯಾನ. ಮೂರ್ ದಿನಕ್ಕ ಬರ್ತಾನಂತ. ಅವತ್ತ ತಂಡದವ್ರನ್ನೆಲ್ಲಾ ಊಟಕ್ಕ ಕರಿ," ಎಂದರು ಅಖ್ತರಬೇಗಂ.

"ಹಟ್ಟಿ ಬೀಗಾರ ತಗಸ್ರಿ, ಟೀಚರ್ರ. ಕುರಿ ಒದರಾಕತ್ತಾವ."

"ಈಗ ತಗದ್ರ ಕಳ್ಳ ಹುಷಾರಾಗ್ತಾನ. ತಡಿ."

ತಿಮ್ಮಣ್ಣ ಹಟ್ಟಿಯ ಕಡೆ ಎರಡು ಹೆಜ್ಜೆ ಹಾಕಿದ. ಆದರೂ ಅವರ ಮಾತು ಮೀರಲಿಲ್ಲ.

ಮೂರನೆಯ ದಿನ ಶಾಲೆಯ ಪಡಸಾಲೆಯಲ್ಲಿ ಎಲ್ಲರೂ ಎರಡು ತುತ್ತು ಉಂಡ ಮೇಲೆ ಅಖ್ತರಬೇಗಂ ಹೇಳಿದರು: "ದಂಡಿ ಮ್ಯಾಲ ಬಿದ್ದಿದ್ದ ಭತ್ತ ಆಯ್ದು ಕುಟ್ಟಿಸಿದ ಅಕ್ಕಿರಿ ಇದು. ಚೆಂದಾಗೈತಲ್ಲ?"

ವಿಷ ಕಡುಬಿನಲ್ಲಿತ್ತೆಂದು ನಂಬಿದವರು ಉಣ್ಣುತ್ತಲೇ ಇದ್ದರು. ದೇವಿಂದ್ರಪ್ಪ ಮಾತ್ರ ಗಂಟಲಿಗೆ ಬೆರಳು ಹಾಕಿ ಪಡಸಾಲೆಯ ಅಂಚಿಗೆ ಓಡಿದ.

"ಹೆದರಬ್ಯಾಡ್ರಿ, ನಮ್ಮನಿ ಅಕ್ಕಿ," ಎಂದು ಅಖ್ತರಬೇಗಂ ಅವನತ್ತ ತಿರುಗಿ ನಕ್ಕರು. "ಗೂಟ ಕಿತ್ತು ನೀರಿನ ಕಡಿ ನೆಟ್ಟು, ಕೆರಿ ಜಾಗಾ ಗದ್ದಿಗಿ ಸೇರಿಸ್ಕೊಂಡ್ರಿ. ಅವಸರದಾಗ ಆಳ ನೆಡಲಿಲ್ಲ. ಅದನ್ನ ನೋಡೀನಂತ ದ್ಯಾವಪ್ಪನೇ ನನಗ ಹೇಳ್ಯಾನ. ಅವನ್ನ ಊರು ಬಿಡಸಾಕ ಚರಗದ ದಿನಾನೇ ವಿಷ ಹಾಕಿದ್ರಿ. ಆದ್ರ ಚರಗ ಬೇಯಿಸಿದ್ದು, ಹಕ್ಕಿ ತಿಂದದ್ದು ಹಸಿ ಭತ್ತ. ಕಾಲುವಿ ನೀರು ಕಾಣದ ಅವನ ಹೊಲದಾಗ ಭತ್ತ ಎಲ್ಲಿಂದ ಬರ್ಬೇಕು? ತನ್ನ ಕುರಿ ಮೇಯೋ ದಂಡಿಗಿ ಯಾವ ಕುರಿಗಾರ ವಿಷ ಹಾಕ್ತಾನ?"

"ನನ್ನ ಭತ್ತನೇರಿ," ಎಂದು ದೇವಿಂದ್ರಪ್ಪ ಕುಸಿದು ಕೂತ.

ತಿಮ್ಮಣ್ಣ ತಂಡದವರಿಂದ ಬೀಗದ ಕೈ ಕಸಿದುಕೊಂಡು ಹಟ್ಟಿಗೆ ಓಡಿದ. ಬಾಗಿಲು ತೆಗೆದರೆ ಎದ್ದು ಬಂದದ್ದು ಒಂದು ಮುದಿ ಟಗರು ಮಾತ್ರ. ಉಳಿದವು ಮರಿಗಳ ಸಮೇತ ಒಂದರ ಮೇಲೊಂದು ಬಿದ್ದಿದ್ದವು.

"ಯಣ್ಣಾ, ನಿಂದು ತಪ್ಪಿಲ್ಲಂತ ಗೊತ್ತಾತು. ಕುರಿ ಕೆರಿಗಿ ಇಳಸಬಹುದಂತ," ಎಂದು ತಿಮ್ಮಣ್ಣ ತೊದಲಿದ.

ಹಟ್ಟಿಯ ಹೊರಗೆ ಗೋಡೆಗೊರಗಿ ಕೂತಿದ್ದ ದ್ಯಾವಪ್ಪ ಊದಿದ ಮುಖ ಎತ್ತಿ ಕೇಳಿದ: "ಯಾವ ಕುರಿ, ತಮ್ಮಾ?"