ಲೂರ್ದಮ್ಮಜ್ಜಿಯ ಬತ್ತಿ ಆರಿಸಿದ್ದು ಯಾರು?

ಉಫ್ ಎಂದು ಊದಿ ಆರಿಸಿದ್ದೇ ತಡ, ಸಿಸಿಲಿ ಬಿಸಿ ಮೇಣದಬತ್ತಿಯನ್ನು ಲಂಗದ ಮಡಿಲಿಗೆ ಹಾಕಿಕೊಂಡು ಪಕ್ಕದ ಗೋರಿಯ ಹಿಂದೆ ಅಡಗಿ ಕುಳಿತಳು.

ಅವತ್ತು ಸತ್ತವರ ಹಬ್ಬ. ಹೆಬ್ಬಾಳ ಕೆರೆಯ ಪಕ್ಕದ ಸಮಾಧಿ ತೋಟದಲ್ಲಿ ಎಲ್ಲರೂ ತಮ್ಮ ತಮ್ಮವರ ಗೋರಿಗೆ ಸುಣ್ಣ ಬಳಿದು, ಚೆಂಡುಹೂವಿಟ್ಟು, ಮೇಣದಬತ್ತಿ ಹಚ್ಚಿ, ಜಪ ಮುಗಿಸಿ ಮನೆಗೆ ಹೋಗಿದ್ದರು. ಆಮೇಲಿನ ಹೊತ್ತು ಮಕ್ಕಳದು. ಉರಿದು ಮುಗಿದ ಬತ್ತಿಗಳ ಮೇಣ ಕೆರೆದು ಉಂಡೆ ಕಟ್ಟಬೇಕು. ಯಾರ ಉಂಡೆ ದೊಡ್ಡದೋ ಅವರೇ ಗೆದ್ದರು. ಉರಿಯುತ್ತಿರುವ ಬತ್ತಿಯನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಆದರೆ ಜೊತೆಯ ಹುಡುಗ ಇನ್ನಾಸಿಯ ಉಂಡೆ ಆಗಲೇ ಕ್ರಿಕೆಟ್ ಬಾಲಿನಷ್ಟಾಗಿತ್ತು. ಸಿಸಿಲಿಗೆ ತಡೆದುಕೊಳ್ಳಲಾಗಲಿಲ್ಲ.

ಆಗ ಯಾರೋ ಕಾಲೆಳೆದುಕೊಂಡು ಬರುವ ಸದ್ದಾಯಿತು. ಲೂರ್ದಮ್ಮಜ್ಜಿ! ಕೇರಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇರುವ, ಕಣ್ಣು ಮಂಜಾದ ಮುದುಕಿ. ಮನೆಗೆ ಹೋದವಳು ತಿರುಗಿ ಬಂದಿದ್ದಳು. ಸಿಸಿಲಿ ಬತ್ತಿ ಆರಿಸಿದ್ದ ಪುಟ್ಟ ಮಣ್ಣುಗುಡ್ಡೆಯ ಮುಂದೆ ಮಂಡಿಯೂರಿ, ಬತ್ತಿಗಾಗಿ ಎರಡೂ ಕೈಯಿಂದ ತಡಕಾಡಿದಳು.

“ಬೆಳಕೂ ಬ್ಯಾಡ್ವೇನಪ್ಪ ನನ್ ಕೈಯಿಂದ?” ಎಂದು ಮಣ್ಣನ್ನು ಕೇಳಿದಳು. “ಜ್ವರ ಬಂದಾಗ ನಿನ್ನ ಬಿಟ್ಟು ಕೂಲಿಗೋದೆ ಅಂತ ಇನ್ನೂ ಸಿಟ್ಟಾ, ಮಗಾ?”

ಉತ್ತರ ಬರುತ್ತದೆಂಬಂತೆ ಅಜ್ಜಿ ಮಣ್ಣಿಗೆ ಕಿವಿ ಹಚ್ಚಿದಳು. ಸಿಸಿಲಿ ಗೋರಿಗೆ ಇನ್ನಷ್ಟು ಒತ್ತಿ ಕುಳಿತಳು. ಒಳಗಿಂದ ಆ ಮಗು ನಿಜವಾಗಿ ಮಾತಾಡಿಬಿಟ್ಟರೆ? ಕದ್ದವಳ ಹೆಸರು ಹೇಳಿಬಿಟ್ಟರೆ? ಅವಳು ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಶನಿವಾರ ಚರ್ಚಿನಲ್ಲಿ ಪಾಪನಿವೇದನೆ. ಜಾಲರಿಯ ಆಚೆ ಫಾದರ್ ಕುಳಿತಿದ್ದರು. ಸುಳ್ಳು ಹೇಳಿದೆ, ಅಮ್ಮನ ಮಾತು ಕೇಳಲಿಲ್ಲ, ಒಂದು ಮೇಣದಬತ್ತಿ ಕದ್ದೆ ಎಂದು ಸಿಸಿಲಿ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. ಯಾರದು ಎಂದು ಫಾದರ್ ಕೇಳಿದರು. ಗೊತ್ತಿಲ್ಲ ಎಂದಳು. ಮೂರು ಸಲ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಜಪ ಹೇಳು, ಯಾರದೆಂದು ಗೊತ್ತಾದರೆ ಹೋಗಿ ಒಪ್ಪಿಕೋ ಎಂದರು. ಅಬ್ಬಾ ಪಾರಾದೆ ಎಂದು ಅವಳಿಗೆ ಖುಷಿಯಾಯಿತು. ಆ ಖುಷಿ ಮನೆ ಮುಟ್ಟುವವರೆಗೂ ಉಳಿಯಲಿಲ್ಲ.

ಏಕೆಂದರೆ ಅಂದು ಸಂಜೆ, ಕರೆಂಟೇ ಇಲ್ಲದ ಸಮಾಧಿ ತೋಟದಲ್ಲಿ ಒಂದು ಬೆಳಕು ಕಾಣಿಸಿತು. ಅಲುಗಾಡಿತು, ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಮರುದಿನವೂ ಹಾಗೆಯೇ. ದೆವ್ವದ ದೀಪ ಎಂದು ಇನ್ನಾಸಿ ಹೆದರಿಸಿದ. ಸಿಸಿಲಿಗೆ ಅದು ಯಾರೆಂದು ಗೊತ್ತಿತ್ತು. ಪ್ರತಿ ಸಲ ಬತ್ತಿ ಆರಿದಾಗಲೂ ಅಜ್ಜಿ ಮಣ್ಣಿಗೆ ಏನು ಹೇಳುತ್ತಿರಬಹುದು ಎಂದು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಮೂರನೆಯ ಸಂಜೆ ಅವಳು ಒಬ್ಬಳೇ ಹೊರಟಳು. ಒಣಹುಲ್ಲು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಹಿಂದೆ ಯಾರೋ ನಡೆದು ಬಂದಂತೆ ಕೇಳುತ್ತಿತ್ತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು.

ಮಣ್ಣುಗುಡ್ಡೆಯ ಮುಂದೆ ಕುಳಿತಿದ್ದ ಅಜ್ಜಿ ಸದ್ದು ಕೇಳಿ ತಲೆಯೆತ್ತಿದಳು. “ಬಂದ್ಯಾ, ಮಗಾ?”

ಸಿಸಿಲಿಗೆ ಓಡಿಹೋಗಬೇಕೆನಿಸಿತು. ಆದರೂ ಓಡಲಿಲ್ಲ. “ನಾನಜ್ಜಿ, ಸಿಸಿಲಿ. ಹಬ್ಬದ ದಿನ ನಿಮ್ ಬತ್ತಿ ಊದಿ ಆರಿಸಿದ್ದು ನಾನು. ಉಂಡೆ ಕಟ್ಟೋಕೆ ಮೇಣ ಬೇಕಿತ್ತು. ತಪ್ಪಾಯ್ತಜ್ಜಿ.”

ಹೊಡೆದರೆ ಹೊಡೆಯಲಿ ಎಂದು ಸಿಸಿಲಿ ಅಳುತ್ತಾ ನಿಂತಳು.

“ಅವ್ನಲ್ವಾ ಆರಿಸಿದ್ದು?”

“ಅಲ್ಲಜ್ಜಿ. ನಾನೇ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಂಕಿಪೊಟ್ಟಣವನ್ನು ಅವಳ ಕೈಗಿಟ್ಟಳು. ಸಿಸಿಲಿ ಬತ್ತಿ ಹಚ್ಚಿದಳು. ಕೆರೆಯ ಕಡೆಯಿಂದ ಸುಯ್ಯೆಂದು ಬಂದದ್ದು ಅದನ್ನು ಆರಿಸಿಬಿಟ್ಟಿತು. ಅಜ್ಜಿ ಈಗ ಏನನ್ನುತ್ತಾಳೋ?

“ಗಾಳಿ ಕಣಮ್ಮ,” ಎಂದಳು ಅಜ್ಜಿ. “ಇನ್ನೊಂದ್ಸಲ ಹಚ್ಚು.”

ಸಿಸಿಲಿ ಗಾಳಿಗೆ ಬೆನ್ನು ಕೊಟ್ಟು ಕುಳಿತು ಕಡ್ಡಿ ಗೀರಿದಳು. ತಡವಾದರೆ ಅಮ್ಮ ಬೈಯುತ್ತಾಳೆಂದು ಗೊತ್ತಿದ್ದರೂ, ಬತ್ತಿ ಪೂರ್ತಿ ಉರಿದು ಮುಗಿಯುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.